ಗಾಡಿ ಬಂದ್ ಶನಿವಾರ

ಮದುಮಗನ ಕಡೆಯವರ ವ್ಯಾನುಗಳನ್ನೆಲ್ಲ ಸೇತುವೆಯ ಹತ್ತಿರ ತಡೆದು ನಿಲ್ಲಿಸಿದ್ದಾರೆಂಬ ಸುದ್ದಿ ಬಂದಾಗ ಸೆರುಂಜೋಗಿ ಶಾಮಿಯಾನದ ಕೆಳಗೆ ಬೀಗರಿಗೆ ಕುರ್ಚಿ ಹಾಕಿಸುತ್ತಿದ್ದ. ತಡೆದವರು ನಗರಸಭೆಯ ಕಾವಲುಗಾರರು. ತಡೆಯಲು ಹೇಳಿದ್ದು ನಗರಸಭೆಯ ಪರಿಸರ ಅಧಿಕಾರಿ. ಆ ಅಧಿಕಾರಿ ಯಾರಪ್ಪಾ ಅಂದರೆ, ಇದೇ ಸೆರುಂಜೋಗಿ.

ತಿಂಗಳ ಮೊದಲ ಶನಿವಾರ ಲುಗೋಬ ಊರಿನೊಳಗೆ ಎಂಜಿನ್ ಇರುವ ಯಾವ ಗಾಡಿಯೂ ಓಡಕೂಡದು. ಆಂಬುಲೆನ್ಸ್, ಬೆಂಕಿ ಆರಿಸುವ ಗಾಡಿ, ಹೆಣದ ಗಾಡಿ, ಇವನ್ನು ಬಿಟ್ಟು. ಊರಿನ ಹೊಗೆ ಇಳಿಯಲೆಂದು ಅವನು ವರ್ಷಗಟ್ಟಲೆ ಗುದ್ದಾಡಿ ತಂದ ಕಾಯಿದೆ. ಜನ ಗೊಣಗುತ್ತಲೇ ನಡೆದರು. ನಡೆಯದವರು ಕೌನ್ಸಿಲರುಗಳು ಮಾತ್ರ. ಮೇಯರ್ ಸಾಹೇಬರಿಗಂತೂ ಪ್ರತಿ ಮೊದಲ ಶನಿವಾರ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಆಂಬುಲೆನ್ಸಿನಲ್ಲೇ ಊರೆಲ್ಲ ಸುತ್ತಾಡಿ ಸಂಜೆಗೆ ಗುಣವಾಗುತ್ತಿತ್ತು. ಕಾಯಿದೆಯನ್ನು ಕಿತ್ತೊಗೆಯಲು ಇವರಿಗೆಲ್ಲ ಒಂದು ನೆಪ ಬೇಕಿತ್ತು, ಅಷ್ಟೆ. ಇಂಥದರಲ್ಲಿ ಮಗಳ ಕ್ವಾಂಜುಲಕ್ಕೆ, ಅಂದರೆ ಗಂಡಿನವರು ಕಾಣಿಕೆ ತಂದು ಹುಡುಗಿಯನ್ನು ಕೇಳುವ ಶಾಸ್ತ್ರಕ್ಕೆ, ದಿನ ಗೊತ್ತುಮಾಡುವಾಗ ಅದು ಮೊದಲ ಶನಿವಾರವೆಂಬುದೇ ಈ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

"ಲೋ, ಒಂದು ಫೋನ್ ಮಾಡಿ ಬಿಟ್ಬಿಡ್ರೋ ಅಂತ ಹೇಳು," ಎಂದು ಅಕ್ಕ ನಾಕಿಮೆರಾ ಸೊಂಟಕ್ಕೆ ಕೈಯಿಟ್ಟು ನಿಂತಳು. ಕ್ವಾಂಜುಲದಲ್ಲಿ ಹುಡುಗಿಯ ಸೋದರತ್ತೆಯದೇ ಕಾರುಬಾರು. ಗಂಡಿನವರು ತಡಮಾಡಿದರೆ ದಂಡ ಹಾಕುವವಳೂ ಅವಳೇ, ಹೊತ್ತು ಮೀರಿದರೆ ಬಾಗಿಲು ಹಾಕಿಸುವವಳೂ ಅವಳೇ.

"ಆಗಲ್ಲಕ್ಕ. ಇವತ್ತು ನನ್ನ ಮಗಳಿಗೆ ಅಂತ ಬಿಟ್ರೆ ನಾಳೆ ಮೇಯರು ತಮ್ಮ ಮೇಕೆಗೂ ಕಾರು ಬಿಡಿಸ್ತಾರೆ. ಸೋಮವಾರಕ್ಕೆ ಕಾಯಿದೆನೇ ಇರಲ್ಲ. ನಡ್ಕೊಂಡು ಬರಲಿ ಬಿಡು."

"ಕಾಣಿಕೆ ಸೋಫಾ ಹೊತ್ಕೊಂಡು, ಈ ಗುಡ್ಡ ಹತ್ಕೊಂಡು? ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅಂದ್ರೆ ನಡೆಯುತ್ತೇನೋ? ನಿನಗೊಂದು ಕಾಯಿದೆ ಇದ್ರೆ ನನಗೂ ಒಂದಿದೆ. ಮಧ್ಯಾಹ್ನ ಹನ್ನೆರಡಾದ ಮೇಲೆ ಗಂಡಿನವರನ್ನ ಒಳಗೆ ಕರೆಯೋ ಪದ್ಧತಿ ನಮ್ಮಪ್ಪನ ಮನೇಲಿಲ್ಲ. ಇನ್ನೊಂದು ವರ್ಷ ಕಾಯಲಿ."

ಒಳಗೆ ಮಗಳು ನಬುಕೀರ ಬಿಕ್ಕುವುದು ಕೇಳಿಸುತ್ತಿತ್ತು. ಸೆರುಂಜೋಗಿ ಫೋನ್ ಕೈಗೆತ್ತಿಕೊಂಡ, ಸೇತುವೆಯ ಕಾವಲುಗಾರನ ಹೆಸರಿನ ಮೇಲೆ ಬೆರಳಿಟ್ಟ, ಮತ್ತೆ ಜೇಬಿಗೆ ಹಾಕಿದ.

ಇನ್ನೇನು ಹನ್ನೆರಡು ಹೊಡೆಯಬೇಕು, ಆಗ ಕೆಳಗಿನ ತಿರುವಿನಲ್ಲಿ ಒಂದು ಹೆಣದ ಗಾಡಿ ಕಾಣಿಸಿತು. ನೆಂಟರೆಲ್ಲ ಗಡಬಡಿಸಿ ಎದ್ದು ನಿಂತರು. ಗಾಡಿಯ ಹಿಂದೆ ಬಿಳಿ ನಿಲುವಂಗಿಯ ಮೇಲೆ ಕೋಟು ತೊಟ್ಟ ಗಂಡಸರು, ಬುಟ್ಟಿ ಹೊತ್ತ ಹೆಂಗಸರು ಸಾಲಾಗಿ ನಡೆದು ಬರುತ್ತಿದ್ದರು. ಮದುವೆಗೂ ಅದೇ ಉಡುಪು, ಸಾವಿಗೂ ಅದೇ ಉಡುಪು, ಯಾವುದೆಂದು ಹೇಳುವುದು ಹೇಗೆ? ಗಾಡಿ ಶಾಮಿಯಾನದ ಮುಂದೆಯೇ ಬಂದು ನಿಂತು ಹಿಂಬಾಗಿಲು ತೆರೆಯಿತು. ಮೊದಲು ಸೋಫಾ ಇಳಿಯಿತು, ಆಮೇಲೆ ಸೋಡಾ ಕ್ರೇಟುಗಳು, ಅನಾನಸ್ ಹಣ್ಣು, ಕಾಲು ಕಟ್ಟಿದ ಮೇಕೆ. ಕೊನೆಗೆ ಬೆವರಿನಲ್ಲಿ ತೊಯ್ದು ತೊಪ್ಪೆಯಾದ ಮದುಮಗ ವಾಸ್ವಾ ಇಳಿದ.

"ಸತ್ತೋರು ಯಾರು?" ನಾಕಿಮೆರಾ ಗದರಿದಳು.

ಗಂಡಿನವರು ಶಾಸ್ತ್ರಕ್ಕೆಂದು ಕರೆತಂದಿದ್ದ ಮಾತುಗಾರ ಕೈ ಜೋಡಿಸಿದ. "ಈ ಹುಡುಗನ ಬ್ರಹ್ಮಚರ್ಯ, ತಾಯಿ. ಬೆಳಿಗ್ಗೆನೇ ಪ್ರಾಣ ಹೋಯ್ತು. ಮಣ್ಣು ಮಾಡಕ್ಕೆ ನಿಮ್ಮ ಅಂಗಳದಲ್ಲಿ ಒಂದಿಷ್ಟು ಜಾಗ ಕೊಡಿ."

ಅಂಗಳವೆಲ್ಲ ನಕ್ಕಿತು. ನಾಕಿಮೆರಾ ನಗು ತಡೆದುಕೊಂಡು, ಅಪಶಕುನಕ್ಕೆಂದು ಎರಡು ಕೋಳಿ ದಂಡ ಹಾಕಿ ಬಾಗಿಲು ತೆಗೆಸಿದಳು. ಸೆರುಂಜೋಗಿ ಮಾತ್ರ ನಗಲಿಲ್ಲ. "ಸೇತುವೇಲಿ ಏನು ಸುಳ್ಳು ಹೇಳಿ ಬಂದ್ರಿ?" ಎಂದು ಅಳಿಯನನ್ನು ಹಿಡಿದು ಕೇಳಿದ.

"ಸುಳ್ಳು ಯಾಕೆ ಹೇಳೋಣ ಮಾವ? ಪಕ್ಕದ ಶವಪೆಟ್ಟಿಗೆ ಅಂಗಡಿಯಿಂದ ಗಾಡಿ ಬಾಡಿಗೆಗೆ ತಗೊಂಡ್ವಿ. ಎಲ್ಲಿಗೆ ಅಂದ್ರು, ನಿಮ್ಮ ಮನೆಗೆ ಅಂದ್ವಿ. ಪಾಪ, ಕಾವಲುಗಾರ ಟೋಪಿ ತೆಗೆದು ಕಣ್ಣೊರೆಸಿಕೊಂಡ. ಆಮೇಲೆ ಯಾರಿಗೋ ಫೋನ್ ಮಾಡ್ತಿದ್ದ."

ಯಾರಿಗೆ ಎಂಬುದು ಸ್ವಲ್ಪ ಹೊತ್ತಿಗೇ ತಿಳಿಯಿತು. ಗುಡ್ಡದ ದಾರಿಯಲ್ಲಿ ಮೇಯರ್ ಮುಂದೆ, ಕೌನ್ಸಿಲರುಗಳೆಲ್ಲ ಹಿಂದೆ, ಕೋಟು ತೋಳಿನ ಮೇಲೆ, ಬೂಟು ಕೈಯಲ್ಲಿ, ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು. ಗಾಡಿ ಬೇಡವೆಂದವನ ಮನೆಯ ಸಾವಿಗೆ ಗಾಡಿಯಲ್ಲಿ ಹೋದರೆ ಊರು ಉಗಿಯುತ್ತದೆಂದು ಆಂಬುಲೆನ್ಸನ್ನೂ ಬಿಟ್ಟು ಬಂದಿದ್ದರು.

"ಧೈರ್ಯ ತಂದ್ಕೊಳ್ಳಿ ಸೆರುಂಜೋಗಿ," ಎಂದು ಮೇಯರ್ ಅವನನ್ನು ತಬ್ಬಿಕೊಂಡರು. ಆ ಹೊತ್ತಿಗೇ ಡೋಲು ಬಡಿಯಿತು, ನಬುಕೀರ ಗೆಳತಿಯರ ಜೊತೆ ಕುಣಿಯುತ್ತ ಹೊರಗೆ ಬಂದಳು. ಮೇಯರ್ ಹುಡುಗಿಯನ್ನು ನೋಡಿದರು, ಮೇಕೆಯನ್ನು ನೋಡಿದರು, ಹೆಣದ ಗಾಡಿಯನ್ನು ನೋಡಿದರು. ಕಾಯಿದೆಯ ಕಥೆ ಮುಗಿಯಿತು ಎಂದುಕೊಂಡ ಸೆರುಂಜೋಗಿ.

"ಯಾರೂ ಸತ್ತಿಲ್ಲ ಸಾರ್. ಮಗಳ ಕ್ವಾಂಜುಲ," ಎಂದ.

ಮೇಯರ್ ಕೂಗಾಡಲೆಂದು ಬಾಯಿ ತೆರೆದರು. ಕೂಗಲು ಉಸಿರೇ ಇರಲಿಲ್ಲ. ಕಾಣಿಕೆಯ ಸೋಫಾದ ಮೇಲೆ ಧೊಪ್ಪನೆ ಕೂತು, ಕೈಗೆ ಕೊಟ್ಟ ಬಾಳೆಹಣ್ಣಿನ ಪಾನಕವನ್ನು ಗಟಗಟ ಕುಡಿದರು.

"ಆಫೀಸಿಂದ ಇಲ್ಲಿಗೆ ಇಷ್ಟೇನೇನ್ರೀ ದೂರ?" ಎಂದರು ಕಡೆಗೆ. "ಬೇರೆ ದಿನ ಕಾರಲ್ಲಿ ಬಂದ್ರೆ ಟ್ರಾಫಿಕ್ಕಲ್ಲಿ ಒಂದು ಗಂಟೆ ಹಿಡಿಯುತ್ತೆ. ದಾರೀಲಿ ಜನ ಬೇರೆ ಎದ್ದು ನಿಂತು ಕೈ ಮುಗಿದ್ರು. ನನಗೆ ಯಾವತ್ತು ಮುಗಿದಿದ್ರು ಹೇಳಿ." ಆಮೇಲೆ ಕೌನ್ಸಿಲರುಗಳ ಕಡೆ ತಿರುಗಿ, "ಸೋಮವಾರ ಆ ರದ್ದು ಗಿದ್ದು ಅನ್ನೋ ಮಾತು ಬೇಡ. ಮೇಯರು ನಡೆದ್ರು ಅಂತ ಪೇಪರಿಗೆ ಹೇಳಿ," ಎಂದರು.

ಸೆರುಂಜೋಗಿಯ ಕಣ್ಣಲ್ಲಿ ನೀರು ಬಂತು, ಮಗಳಿಗೋ ಕಾಯಿದೆಗೋ ಅವನಿಗೇ ಗೊತ್ತಾಗಲಿಲ್ಲ. ನಾಕಿಮೆರಾ ಅವನ ಪಕ್ಕಕ್ಕೆ ಬಂದು, ಬೂಟು ಕಳಚಿ ಕಾಲು ನೀವಿಕೊಳ್ಳುತ್ತ ಸಾಲಾಗಿ ಕೂತಿದ್ದ ಕೌನ್ಸಿಲರುಗಳನ್ನು ಎಣಿಸುವವಳಂತೆ ನೋಡಿದಳು.

"ಅಲ್ಲ ಕಣೋ ತಮ್ಮ," ಎಂದಳು. "ಇವರು ಪ್ರತಿ ಸಲ ಹೀಗೆ ನಡೀಬೇಕು ಅಂದ್ರೆ, ತಿಂಗಳಿಗೊಬ್ಬರು ನಿನ್ನ ಮನೇಲಿ ಸಾಯ್ಬೇಕಾಗುತ್ತಲ್ಲೋ."