ದೋಷ ೪೧೭

ಕಣ್ಣು ಕಾಣದ ಇಂದುಮತಿಗೆ ಕಂಪ್ಯೂಟರೇ ಓದಿ ಹೇಳಬೇಕು. ಓದುವ ತಂತ್ರಾಂಶ ಬಿಟ್ಟಿಯದು, ನಾಲ್ಕಾರು ಕನ್ನಡಾಭಿಮಾನಿಗಳು ಬಿಡುವಿನಲ್ಲಿ ಕಟ್ಟಿದ್ದು. ಅದಕ್ಕೊಂದೇ ರೋಗ. ಕನ್ನಡದ ಅಂಕಿ ಎದುರಾದರೆ ಬಾಯಿ ಮುಚ್ಚಿಕೊಳ್ಳುತ್ತದೆ; ಆ ಸಾಲು ಮುಗಿಯುವವರೆಗೂ ತೆರೆಯುವುದಿಲ್ಲ. ನಾಳೆ ಕಾನೂನು ಪರೀಕ್ಷೆ, ಪುಸ್ತಕದ ಸಾಲುಸಾಲಿನಲ್ಲೂ ಕಲಮಿನ ಸಂಖ್ಯೆ.

ತಂತ್ರಾಂಶ ನೋಡಿಕೊಳ್ಳುವವರಿಗೆ ಐದನೆಯ ಸಲ ಫೋನ್ ಮಾಡಿದಳು.

“ನಮ್ಮ ಪಟ್ಟೀಲಿ ಅದು ೪೧೭ನೇ ದೋಷ. ಅದನ್ನ ಸರಿ ಮಾಡ್ತೀನಿ ಅಂತ ಒಬ್ರು ಕೇಳಿದ್ರಮ್ಮಾ, ಅವರಿಗೇ ವಹಿಸಿದ್ವಿ. ಎಂಟು ತಿಂಗಳಾಯ್ತು, ಮಾತಿಲ್ಲ ಕತೆಯಿಲ್ಲ.”

“ಬೇರೆಯವರಿಗೆ ಕೊಡಿ ಸಾರ್.”

“ಒಬ್ಬರ ಕೈಲಿರೋದನ್ನ ಕಿತ್ಕೊಳ್ಳೋ ಪದ್ಧತಿ ನಮ್ಮಲ್ಲಿಲ್ಲ. ವಹಿಸಿದೀವಿ ಅಂತ ಒಂದು ಮೇಲ್ ಹಾಕಿದ್ವಿ, ಆಮೇಲೆ ಜ್ಞಾಪಿಸೋಕೆ ಮೂರು. ನಾಲ್ಕೂ ಒಂದೊಂದೇ ಸಾಲು, ‘೪೧೭ ನಿಮಗೇ ವಹಿಸಿದೀವಿ’, ‘೪೧೭ ಎಲ್ಲಿಗೆ ಬಂತು ಸ್ವಾಮಿ?’ ಅಂತ. ಅಚ್ಚ ಕನ್ನಡದ ಅಂಕೀಲೇ ಬರೆದಿದೀವಿ. ಉತ್ತರ ಬೇಡ್ವಾ?”

“ಅವರ ನಂಬರಾದ್ರೂ ಕೊಡಿ, ನಾನೇ ಬೈತೀನಿ.”

ಅವರು ನಗುತ್ತ ಕೊಟ್ಟರು.

ಆ ಕಡೆ ಎತ್ತಿದವರ ದನಿ ಮೆತ್ತಗಿತ್ತು. ಇಂದುಮತಿ ಸುತ್ತಿ ಬಳಸಲಿಲ್ಲ. “ಎಂಟು ತಿಂಗಳು ಹೇಗ್ರೀ ಸುಮ್ನಿದ್ರಿ? ನನಗೆ ಕಣ್ಣಿಲ್ಲ, ನಾಳೆ ಪರೀಕ್ಷೆ. ನಿಮಗೆ ವಹಿಸಿದ ಕೆಲಸ ಅಲ್ವಾ ಅದು?”

“ವಹಿಸಿದ್ರಾ? ಯಾವಾಗ? ನನಗೆ ಕೊಡಿ ಅಂತ ಕೇಳಿ ಕಾಯ್ತಾನೇ ಇದೀನಿ ತಾಯಿ. ಬೇಡ ಅಂತಲಾದ್ರೂ ಬರೀಬಾರ್ದಾ? ನಾಲ್ಕು ಸಲ ಬರೀ ಖಾಲಿ ಮೇಲ್ ಕಳಿಸಿದ್ರು.”

“ಖಾಲಿ ಅಂದ್ರೆ?”

“ತೆರೆದ್ರೆ ಸದ್ದೇ ಇಲ್ಲ. ನನಗೂ ಅದೇ ತಂತ್ರಾಂಶ ತಾನೇ ಓದಿ ಹೇಳಬೇಕು?”