ದೊರೆ ಕೊಟ್ಟ ಕುರ್ಚಿ

ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಶಿವನಂಜಯ್ಯ ಹಳೇ ಸಾಮಾನಿನ ಅಂಗಡಿಯಿಂದ ಎರಡು ಮಹಾಗನಿ ಕುರ್ಚಿಗಳನ್ನು ಬಾಡಿಗೆಗೆ ತಂದು ನಡುಮನೆಯಲ್ಲಿ ಹಾಕಿಸಿದ್ದರು. ಇಂಗ್ಲೆಂಡಿನ ಹಳೇ ಕಾಲದ ಕೆಲಸ. ಬೆನ್ನಿಗೆ ಹೂದಾನಿಯ ಕೆತ್ತನೆ, ಬಳುಕಿದ ತೋಳು. ಅವುಗಳ ಅಂದಕ್ಕೆ ದೃಷ್ಟಿಯಾದೀತೆಂದು ಹೆಂಡತಿ ಒಂದರ ತೋಳಿನಡಿಗೆ ಕಾಡಿಗೆಯ ಬೊಟ್ಟನ್ನೂ ಇಟ್ಟಿದ್ದಳು.

“ನಮ್ಮ ತಾತನಿಗೆ ದೊರೆ ಕೊಟ್ಟಿದ್ದು” ಎಂದು ಶಿವನಂಜಯ್ಯ ರೈಲು ಬಿಟ್ಟರು.

ಹುಡುಗನ ತಂದೆ ಕುರ್ಚಿ ಸವರಿ, “ನಮ್ಮನೇಲೂ ಇಂಥವೇ ಇದಾವೆ” ಎಂದರು.

ಮುಂದಿನ ಭಾನುವಾರ ಇವರು ಗಂಡಿನ ಮನೆ ನೋಡಲು ಹೋದರೆ ನಿಜಕ್ಕೂ ಅಲ್ಲಿ ಅಂಥವೇ ಎರಡು ಕುರ್ಚಿ! ಶಿವನಂಜಯ್ಯ ಬಾಗಿಲಲ್ಲೇ ನಿಂತುಬಿಟ್ಟರು. ಇಂಥ ದೊಡ್ಡ ಮನೆತನಕ್ಕೆ ತಮ್ಮ ಸುಳ್ಳು ಗೊತ್ತಾದರೆ, ಹುಡುಗನನ್ನು ಮೆಚ್ಚಿ ಕೂತಿರುವ ಮಗಳ ಗತಿಯೇನು?

“ಮುತ್ತಾತನ ಕಾಲದಲ್ಲಿ ಹಡಗಲ್ಲಿ ಬಂದಿದ್ದು. ಕೂತ್ಕೊಳಿ ಸ್ವಾಮಿ” ಎಂದರು ಹುಡುಗನ ತಂದೆ.

ಶಿವನಂಜಯ್ಯ ಮುದುರಿಕೊಂಡು ಕೂತು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದರು. ಬೆರಳಿಗೇನೋ ಮೆತ್ತಿಕೊಂಡಿತು. ನೋಡಿದರೆ ಕರ್ರಗಿದೆ. ಮೆಲ್ಲಗೆ ಬೆರಳನ್ನು ಹೆಂಡತಿಗೆ ತೋರಿಸಿದರು. ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವರಿಗೂ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂದು, ತಡೆಯಲು ಹೋಗಿ ಕೆಮ್ಮು ಹತ್ತಿತು.

ಹುಡುಗನ ತಂದೆ ಗಾಬರಿಯಿಂದ ನೀರು ಕೊಟ್ಟು ಕೇಳಿದರು: “ಏನ್ ಸ್ವಾಮಿ, ನಮ್ಮ ಸಂಬಂಧ ನಿಮಗೆ ಒಪ್ಪಿಗೆಯಾಗ್ಲಿಲ್ವಾ?”

ಶಿವನಂಜಯ್ಯ ಕಣ್ಣೊರೆಸಿಕೊಂಡರು.

“ತಡ ಆದ್ರೆ ಅಂಗಡಿಯವನು ಕೂಗಾಡ್ತಾನೆ. ಸಂಜೆ ಆರರೊಳಗೆ ಕುರ್ಚಿ ವಾಪಸ್ ಕಳಿಸ್ಬಿಡಿ, ಬೀಗರೇ!”