ದಾರಿ ನೋಡಿದ ಬೆಕ್ಕು

ಒಂದಾನೊಂದು ಅಟ್ಟದಲ್ಲಿ ಒಂದು ಬೆಕ್ಕಿತ್ತಂತೆ. ಕೊಬ್ಬರಿಯೆಲ್ಲ ಅದರ ರಾಜ್ಯ, ಇಲಿಗಳೆಲ್ಲ ಅದರ ಶತ್ರುಗಳು. ಕಂದಿಕೆರೆಯ ಗುರುಸಿದ್ದಮ್ಮ ಹೇಳುತ್ತಿದ್ದ ಆ ಕಥೆಯ ಬೆಕ್ಕಿನ ವಂಶದ ಮರಿಯೊಂದು ಈಗ ಅವಳ ಮೊಮ್ಮಗಳು ಇಂಪನಾಳ ತೊಡೆಯ ಮೇಲೆ, ಬಾಯಿ ಕಟ್ಟಿದ ಗೋಣಿಚೀಲದೊಳಗೆ, ತಿಪಟೂರಿನ ಬಸ್ಸಿನಲ್ಲಿತ್ತು.

ತಿಪಟೂರಿನ ಹಸೀನಾ ಬೇಗಂ ಅವರ ಮಂಡಿಯಲ್ಲಿ ಇಲಿಗಳು ಕೊಬ್ಬರಿ ಮೂಟೆಗಳನ್ನು ತೂತು ಮಾಡುತ್ತಿದ್ದವು. ಮರಿ ಕೊಡುತ್ತೇನೆಂದು ಅಜ್ಜಿ ಮಾತು ಕೊಟ್ಟಿದ್ದಳು. "ದಾರೀಲಿ ಚೀಲ ಮಾತ್ರ ಬಿಚ್ಬ್ಯಾಡ ಕಣೇ" ಎಂದೂ ಹೇಳಿ ಕಳಿಸಿದ್ದಳು. ಹೋದ ಸಲ ಕೊಟ್ಟ ಮರಿ ದಾರಿ ನೋಡಿಟ್ಟುಕೊಂಡು, ವಾಪಸು ಹೊರಟು, ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿತ್ತು.

ಅಲ್ಲಿಯವರೆಗೂ ಪರಚಾಡುತ್ತಿದ್ದ ಚೀಲ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಮಧ್ಯಾಹ್ನದ ಬಿಸಿಲು. ಇಂಪನಾ ಚೀಲ ಒತ್ತಿ ನೋಡಿದಳು.

"ತಾತ, ಇದು ಅಲ್ಲಾಡ್ತಿಲ್ಲ."

ಪಕ್ಕದಲ್ಲಿ ಕೂತಿದ್ದ ಊರಿನ ಹುಚ್ಚರಂಗಯ್ಯ ನಕ್ಕ. "ನಿದ್ದೆ ಹೋಗಿರ್ತದೆ ಬುಡವ್ವ. ಈ ಬಸ್ಸಲ್ಲಿ ಕಂಡಕ್ಟ್ರೇ ನಿದ್ದೆ ಮಾಡ್ತಾನೆ!"

"ಬಿಚ್ಲಾ?"

"ದಾರಿ ನೋಡ್ಬುಡ್ತದೆ ಕಣವ್ವ."

ಅನ್ನುತ್ತಲೇ ಅವನೂ ಚೀಲ ಮುಟ್ಟಿದ. ಅವನ ನಗು ಹಾರಿಹೋಯಿತು. "ಸತ್ತ ಬೆಕ್ಕಿಗೆ ಯಾವ ದಾರಿ? ಬಿಚ್ಚು, ಬೇಗ!"

ಗಂಟು ಬಿಗಿದುಕೊಂಡಿತ್ತು. ಇಂಪನಾ ಹಲ್ಲಿನಲ್ಲಿ ಕಚ್ಚಿ ಎಳೆದಳು. ಮರಿ ಒದ್ದೆ ಬಟ್ಟೆಯಂತೆ ಜೋತುಬಿತ್ತು. ಹುಚ್ಚರಂಗಯ್ಯ ಬಾಟಲಿಯ ನೀರನ್ನು ಅದರ ಬಾಯಿಗೆ ಸವರಿದ. ಅವಳು ಕಿಟಕಿಯ ಗಾಳಿಗೆ ಹಿಡಿದಳು. ಏನೂ ಇಲ್ಲ. ಮತ್ತೆ ಸವರಿದ. ಪುಟ್ಟ ಪಕ್ಕೆಗಳು ಒಮ್ಮೆ ಏರಿದವು, ಇಳಿದವು.

ಆಮೇಲೆ ಅದು ಅವಳ ಹೆಗಲೇರಿ, ತಿಪಟೂರು ಬರುವವರೆಗೂ ಒಂದೊಂದು ತೋಟ, ಒಂದೊಂದು ತಿರುವನ್ನೂ ಬಿಡದೆ ನೋಡಿತು. ತನ್ನ ಕಣ್ಣು ಮುಚ್ಚಲು ಬಂದ ಅವಳ ಕೈಯನ್ನು ಪಂಜದಿಂದ ತಳ್ಳಿತು.

ಮಂಡಿಯ ಬಾಗಿಲಲ್ಲಿ ಹಸೀನಾ ಬೇಗಂ ಮೊದಲು ಕೇಳಿದ್ದೇ ಅದು. "ದಾರಿ ನೋಡ್ಲಿಲ್ಲ ತಾನೇ ಮಗಾ?"

ಸುಳ್ಳು ಇಂಪನಾಳ ನಾಲಿಗೆಯ ತುದಿಗೆ ಬಂತು; ಅದನ್ನು ನುಂಗಿಕೊಂಡಳು. "ನೋಡ್ತು, ಹಸೀನಮ್ಮ. ಅರ್ಧ ದಾರಿ ನೋಡ್ತು. ಅಗುಳಿ ಹಾಕ್ಬಿಡಿ, ಓಡೋಗುತ್ತೆ."

ಹಸೀನಾ ಬೇಗಂ ಅಗುಳಿಯ ಮೇಲೆ ಕೈಯಿಟ್ಟು ನಿಂತರು. "ಮದುವೇಲಿ ನನ್ನೂ ಮುಸುಕು ಹಾಕೇ ಕರ್ಕೊಂಡ್ ಬಂದಿದ್ರು. ಮುಸುಕಿನ ಸಂದೀಲಿ ದಾರಿಯೆಲ್ಲ ನೋಡ್ಕೊಂಡಿದ್ದೆ."

"ಮತ್ತೆ ವಾಪಸ್ ಹೋಗ್ಲಿಲ್ವಾ?"

"ಇಲ್ಲಿ ಬಾಗಿಲು ಹಾಕಿ ಕೂಡಿಹಾಕಿದ್ರೆ ಹೋಗ್ತಿದ್ದೆ."

ಅವರು ಕೈ ತೆಗೆದರು. ಇಂಪನಾ ಮರಿಯನ್ನು ಹೊಸ್ತಿಲ ಮೇಲೆ ಇಳಿಸಿದಳು. ಅದು ರಸ್ತೆಯನ್ನು ನೋಡುತ್ತಲೇ ಕೂತಿತು. ಒಳಗೆ ಮೂಟೆಗಳ ನಡುವೆ ಏನೋ ಸರಿದಾಡಿತು. ಮೊದಲು ಕಿವಿ ತಿರುಗಿತು, ಆಮೇಲೆ ಕತ್ತು, ಆಮೇಲೆ ಇಡೀ ಬೆಕ್ಕು.